ಐರ್ಲೆಂಡಿನ ತೆರಿಗೆಯೂ ಮಗಳ ಫೋನೂ

ಐರ್ಲೆಂಡ್ ಸರಕಾರ ಅಲ್ಲಿ ಒಂದು ನಿಯಮ ಬದಲಾಯಿಸಿದರೆ ಇಲ್ಲಿ ಕುವೈತ್‌ನ ನಮ್ಮ ಅಡುಗೆಮನೆಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನಗುವವರು ನಗಲಿ, ನಾನು ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ನಮ್ಮ ಒಬ್ಬಳೇ ಮಗಳು ಐರ್ಲೆಂಡಿನ ಸಣ್ಣ ಊರೊಂದರಲ್ಲಿ ಗಂಡನ ಜೊತೆ ತಿಂಡಿ ಅಂಗಡಿ ಇಟ್ಟಿದ್ದಾಳೆ. ನಾನು ಮಂಗಳೂರಿನಲ್ಲಿ ಬಿ.ಕಾಂ. ಓದಿದವಳು. ತೆರಿಗೆಯ ಪೇಪರಿನಲ್ಲಿ ಇಡೀ ಕಾಲೇಜಿಗೆ ಮೊದಲಿಗಳು. ಮದುವೆಯಾಗಿ ಬಂದದ್ದು ಮಾತ್ರ ಸಂಬಳಕ್ಕೆ ತೆರಿಗೆಯೇ ಇಲ್ಲದ ದೇಶಕ್ಕೆ. ಈಜಿನಲ್ಲಿ ಪದಕ ಗೆದ್ದವಳನ್ನು ಮರುಭೂಮಿಗೆ ಮದುವೆ ಮಾಡಿಕೊಟ್ಟ ಹಾಗೆ! ಇಲ್ಲಿಯ ಶುವೈಖ್‌ನಲ್ಲಿ ಗಾಡಿ ಬಿಡಿಭಾಗಗಳ ಕಂಪೆನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದೆ. ಒಂದು ಚಿತ್ತುಕಾಟು ಇಲ್ಲ, ತಿದ್ದುಪಡಿ ಇಲ್ಲ.

ಹಾಗಾಗಿ ಮಗಳು, "ಅಮ್ಮಾ, ಇಲ್ಲಿ ಎರಡು ತಿಂಗಳಿಗೊಮ್ಮೆ ವ್ಯಾಟ್ ತೆರಿಗೆ ಲೆಕ್ಕ ಕೊಡ್ಬೇಕು. ಬಿಲ್ಲುಗಳ ಫೋಟೋ ಕಳಿಸಿದ್ರೆ ಪಟ್ಟಿ ಮಾಡ್ತೀಯಾ?" ಎಂದಾಗ, "ಪುರುಸೊತ್ತು ಇದ್ರೆ ನೋಡುವ" ಎಂದು ಬಿಗುಮಾನದಿಂದ ಹೇಳಿ, ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಸಂತೋಷ ತೆರಿಗೆಯದ್ದಲ್ಲ. ಅಂಗಡಿ, ಒಲೆ, ಗಿರಾಕಿ ಎಂದು ವಾರಗಟ್ಟಲೆ ಸುದ್ದಿಯಿಲ್ಲದ ಹುಡುಗಿ, ಇನ್ನು ತೆರಿಗೆಯ ಸಂಶಯ ಬಂದಾಗಲಾದರೂ ತಕ್ಷಣ ಫೋನ್ ಮಾಡುತ್ತಾಳಲ್ಲ!

೧. ಬಿಸಿ ಸಮೋಸ

ಮೊದಲ ಸಂಶಯ ಸಮೋಸದ್ದು. ಬಿಸಿಯಾಗಿ ಕಟ್ಟಿಕೊಟ್ಟರೆ ತೆರಿಗೆ ಉಂಟು, ತಣ್ಣಗೆ ಕಟ್ಟಿಕೊಟ್ಟರೆ ಇಲ್ಲವಂತೆ.

"ಬಿಸಿ ಅಂದ್ರೆ ಎಷ್ಟು ಬಿಸಿ ಮಗಾ?" ಎಂದು ಕೇಳಿದೆ.

"ಸುತ್ತಲಿನ ಗಾಳಿಗಿಂತ ಬಿಸಿ ಇದ್ರೆ ಬಿಸಿ, ಅಮ್ಮಾ."

ಫೋನ್ ಸ್ಪೀಕರಿನಲ್ಲಿತ್ತು. ಜುಲೈ ತಿಂಗಳು, ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಕುದಿ ನೀರೇ ಬರುವ ಕಾಲ. ಸ್ನಾನಕ್ಕೆ ಹೋಗಿ ನಲ್ಲಿ ತಿರುಗಿಸಿ ಬೆನ್ನು ಸುಟ್ಟುಕೊಂಡಿದ್ದ ನನ್ನ ಯಜಮಾನರು ಒಳಗಿನಿಂದಲೇ ಕೂಗಿದರು: "ಆ ಕಾನೂನು ಇಲ್ಲಿಗೆ ಬಾರದಿರಲಿ ಮಾರಾಯ್ತಿ! ಸ್ನಾನದ ನೀರಿಗೂ ತೆರಿಗೆ ಕಟ್ಟಬೇಕಾದೀತು!"

ಮಗಳು ಬಿದ್ದು ಬಿದ್ದು ನಕ್ಕಳು. ಆ ದಿನದ ನನ್ನ ಟಿಪ್ಪಣಿ: ಮಾತಾಡಿದ್ದು ನಲವತ್ತೊಂದು ನಿಮಿಷ, ಅದರಲ್ಲಿ ತೆರಿಗೆಯ ವಿಷಯ ಆರು.

೨. ಬನ್ಸ್ ಯಾವ ಜಾತಿ?

ಆಮೇಲೆ ನಮ್ಮ ಮಂಗಳೂರು ಬನ್ಸ್‌ನ ಸರದಿ. ಬ್ರೆಡ್‌ಗೆ ಅಲ್ಲಿ ತೆರಿಗೆ ಇಲ್ಲ, ಕೇಕಿಗೆ ಉಂಟು. ಹಿಟ್ಟಿನ ಲೆಕ್ಕಕ್ಕೆ ಸಕ್ಕರೆ ತುಸು ಹೆಚ್ಚಾದರೂ ಅದು ಬ್ರೆಡ್ ಅಲ್ಲವಂತೆ.

"ಅಮ್ಮಾ, ನಿನ್ನ ಬನ್ಸ್‌ಗೆ ಸಕ್ಕರೆ ಎಷ್ಟು ಗ್ರಾಂ?"

ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ಸಹ ಬರೆದಿಟ್ಟವಳು ನಾನು. ಬನ್ಸ್‌ಗೆ ಮಾತ್ರ ಕಣ್ಣಂದಾಜು! ಮರ್ಯಾದೆ ಪ್ರಶ್ನೆ. ಅಡುಗೆ ತಕ್ಕಡಿ ತರಿಸಿ ನಾಲ್ಕು ದಿನ ನಾಲ್ಕು ಅಳತೆಯಲ್ಲಿ ಕಲಸಿ ಕರಿದೆ. ಬಾಳೆಹಣ್ಣಿನ ಸಿಹಿಯನ್ನು ಲೆಕ್ಕಕ್ಕೆ ಸೇರಿಸಬೇಕೇ ಎಂದು ಕೇಳಲು ಎರಡು ಸಲ, ಹಣ್ಣು ಎಷ್ಟು ಕಳಿತಿರಬೇಕು ಎಂದು ಕೇಳಲು ಇನ್ನೊಂದು ಸಲ ಅವಳೇ ಫೋನ್ ಮಾಡಿದಳು. ಕೊನೆಗೆ ಅಲ್ಲಿಯ ತೆರಿಗೆ ಇಲಾಖೆಯವರು ಅದನ್ನು ಕೇಕಿನ ಪಂಗಡಕ್ಕೆ ಸೇರಿಸಿದರು.

ನನಗೆ ಅವಮಾನವಾಯಿತು. ನಾಲ್ಕೂ ದಿನ ಪ್ರಯೋಗದ ಬನ್ಸ್ ತಿಂದ ಯಜಮಾನರು ಮಾತ್ರ, "ಇಷ್ಟು ಬೇಗ ತೀರ್ಮಾನ ಮಾಡಬಾರದಿತ್ತು, ಅಪೀಲು ಹಾಕುವ" ಎಂದರು.

೩. ಬಾಟಲಿ

ಹೋದ ವರ್ಷ ಹತ್ತು ದಿನದ ರಜೆಗೆ ಮಗಳು ಬಂದಳು. ಬಂದ ದಿನವೇ ಅಪ್ಪ ನೀರಿನ ಬಾಟಲಿ ಖಾಲಿ ಮಾಡಿ ಹಿಸುಕಿ ಎಸೆಯುವುದನ್ನು ನೋಡಿ ಚೀರಿದಳು: "ಅಪ್ಪಾ, ಹಿಸುಕಬೇಡಿ!"

ಅವಳ ದೇಶದಲ್ಲಿ ಬಾಟಲಿಗೆ ಮೊದಲೇ ಠೇವಣಿ ಕಟ್ಟಬೇಕಂತೆ. ಆಕಾರ ಕೆಡದ ಖಾಲಿ ಬಾಟಲಿಯನ್ನು ಯಂತ್ರಕ್ಕೆ ಹಾಕಿದರೆ ದುಡ್ಡು ವಾಪಸ್. ಇಲ್ಲಿ ಅಂಥದ್ದು ಇಲ್ಲವೆಂದರೂ ಅವಳ ಕೈ ಕೇಳಬೇಕಲ್ಲ! ದಿನಾ ಬಾಟಲಿ ತೊಳೆದು, ಮುಚ್ಚಳ ಹಾಕಿ, ಬಾಲ್ಕನಿಯಲ್ಲಿ ಸಾಲಾಗಿ ನಿಲ್ಲಿಸಿದಳು.

ಅವಳು ಹೋದಳು. ಬಾಟಲಿಗಳು ನಿಂತವು. ಎಸೆಯಲು ನನಗೆ ಕೈ ಬರಲಿಲ್ಲ. ತಿಂಗಳು ಕಳೆದ ಮೇಲೆ ನಮ್ಮ ಕಟ್ಟಡದ ಕಾವಲುಗಾರ ಮೇಲೆ ಬಂದು, "ಮಾಮಾ, ಏ ಸಬ್ ಖಲಾಸ್?" ಎಂದು ಕೇಳಿದ. ಇಲ್ಲಿ ಮಾಮಾ ಎಂದರೆ ಅಮ್ಮ; ಇದನ್ನೆಲ್ಲ ಎಸೆಯಲೇ ಎಂದು ಅವನ ಪ್ರಶ್ನೆ.

"ಇಲ್ಲ ಭಾಯಿ, ಇರಲಿ" ಎಂದೆ.

ಅವನು ಮೂವತ್ತು ಖಾಲಿ ಬಾಟಲಿ ನೋಡಿದ, ನನ್ನನ್ನು ನೋಡಿದ. ಮರುದಿನ ಪಾಪ, ನಮಗೆ ನೀರು ಕೊಳ್ಳಲು ಗತಿಯಿಲ್ಲವೆಂದು ತಿಳಿದು ಎರಡು ಕ್ಯಾನ್ ಕುಡಿಯುವ ನೀರು ಬಾಗಿಲಲ್ಲಿ ಇಟ್ಟು ಹೋಗಿದ್ದ.

೪. ನನ್ನ ಮೊದಲ ತಪ್ಪು

ಈ ವರ್ಷ ಮಗಳು ಅಲ್ಲಿಯೇ ಒಬ್ಬ ಆಡಿಟರನ್ನು ಇಟ್ಟುಕೊಂಡಳು. ಪಟ್ಟಿ ಮಾಡುವುದು ನಾನೇ, ಆದರೆ ಕಳಿಸುವುದು ನೇರ ಅವರಿಗೆ. ಸಂಶಯವಿದ್ದರೆ ಅವಳು ಅವರನ್ನೇ ಕೇಳುತ್ತಾಳೆ. ನನ್ನ ಪಾಲಿಗೆ ಉಳಿದದ್ದು ಮಗಳು ವಾಟ್ಸಾಪಿನಲ್ಲಿ ಕಳಿಸುವ ಹೆಬ್ಬೆರಳಿನ ಚಿತ್ರ ಒಂದು. ಐದು ವಾರ ಅವಳಾಗಿ ಒಂದು ಫೋನ್ ಮಾಡಲಿಲ್ಲ. ನಾನಾಗಿ ಮಾಡಿದರೆ, "ಅಮ್ಮಾ, ಗಿರಾಕಿ ಇದ್ದಾರೆ, ಆಮೇಲೆ" ಎನ್ನುವಳು. ಆ ಆಮೇಲೆ ಬರುವುದೇ ಇಲ್ಲ.

ಕೊನೆಗೆ ಒಂದು ಮಧ್ಯಾಹ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಬೇಕೆಂದೇ ತಪ್ಪು ಬರೆದೆ. ತೆರಿಗೆಯಿಲ್ಲದ ಎರಡು ಮೂಟೆ ಆಲೂಗಡ್ಡೆಯನ್ನು ತೆರಿಗೆಯಿರುವ ಬಿಸ್ಕತ್ತಿನ ಸಾಲಿಗೆ ಹಾಕಿದೆ. ಯಜಮಾನರು ಹೆಗಲ ಮೇಲಿಂದ ಇಣುಕಿ ಅದನ್ನು ಓದಿದರು. "ಎಂತ, ಜ್ವರವಾ?" ಎಂದು ನನ್ನ ಹಣೆ ಮುಟ್ಟಿ ನೋಡಿದರು. ನಾನು ಪಟ್ಟಿ ಕಳಿಸಿ, ಆಡಿಟರು ತಪ್ಪು ಹಿಡಿದು ಹೇಳಿದ ಕೂಡಲೇ ಮಗಳು ಫೋನ್ ಮಾಡುತ್ತಾಳೆಂದು ಕಾದು ಕುಳಿತೆ.

ಹತ್ತೇ ನಿಮಿಷಕ್ಕೆ ಫೋನ್ ಬಂತು. ಆಡಿಟರದ್ದು!

ವಯಸ್ಸಾದ, ಬಹಳ ಮರ್ಯಾದಸ್ಥ ಮನುಷ್ಯ. "ಮೇಡಂ, ನಿಮ್ಮ ಪಟ್ಟಿಯಲ್ಲಿ ತಪ್ಪೇ? ಮನೆಯಲ್ಲಿ ಎಲ್ಲ ಕ್ಷೇಮವೇ?" ಎಂದು ಕೇಳಿದರು. ಆಲೂಗಡ್ಡೆಯಿಂದ ಶುರುವಾದ ಮಾತು ಹೊಸ ನಿಯಮ, ಹಳೆಯ ನಿಯಮ, ಅಲ್ಲಿಯ ಮಳೆ, ಅವರ ಮೊಣಕಾಲು ನೋವು ಎಂದು ಒಂದು ಗಂಟೆ ಓಡಿತು. ತೆರಿಗೆಯನ್ನು ಇಷ್ಟು ಪ್ರೀತಿಯಿಂದ ಕೇಳುವವರು ಅವರಿಗೂ ಸಿಕ್ಕಿರಲಿಲ್ಲವಂತೆ. ಆಮೇಲೆ ವಾರಕ್ಕೆ ಮೂರು ದಿನ ಅವರೇ ಫೋನ್ ಮಾಡತೊಡಗಿದರು. ಮೊಣಕಾಲಿಗೆ ಉಪ್ಪಿನ ಶಾಖ ಕೊಡಲು ಹೇಳಿದೆ. ಗುಣವೂ ಆಯಿತು.

ತಿಂಗಳ ಕೊನೆಗೆ ಮಗಳ ಫೋನ್.

"ಅಮ್ಮಾ! ಆಡಿಟರ್ ಹತ್ರ ಅಷ್ಟೊತ್ತು ಎಂತ ಮಾತಾಡ್ತಿ ನೀನು?"

"ಹೀಗೇ, ಅವರ ಮೊಣಕಾಲು..."

"ಅವರು ನಿಮಿಷ ಲೆಕ್ಕದಲ್ಲಿ ಫೀಸ್ ತಗೊಳ್ಳೋದು ಅಮ್ಮಾ! ಅವರ ಮೊಣಕಾಲು ನೋವಿಗೆ ನನಗೆ ಬಿಲ್ ಬಂದಿದೆ! ಅದಕ್ಕೆ ಮೇಲಿಂದ ವ್ಯಾಟ್ ಬೇರೆ!"

ಅಲ್ಲಿ ಬಾಣಲೆಯಲ್ಲಿ ಏನೋ ಸುಯ್ ಎನ್ನುತ್ತಿತ್ತು. ಆಮೇಲೆ ಅವಳ ಸ್ವರ ಮೆತ್ತಗಾಯಿತು.

"ಮಾತಾಡ್ಬೇಕು ಅನ್ನಿಸಿದ್ರೆ ನನಗೇ ಮಾಡಮ್ಮ. ದಿನಾ ಮಾಡು. ಗಿರಾಕಿ ಇದ್ರೂ ಎತ್ತುತ್ತೇನೆ. ನಾನು ಪುಕ್ಕಟೆ."

ಕಣ್ಣು ಒರೆಸಿಕೊಂಡು ಹೇಳಿದೆ: "ಬಾಯಿಮಾತು ಸಾಲದು ಮಗಾ. ಬರೆದು, ಸಹಿ ಹಾಕಿ ಕಳಿಸು. ಫೈಲಿಗೆ ಬೇಕು."