ಐದಂತಸ್ತಿನ ಆಲ್ಪ್ಸ್

ಬಾಯಿ ತುಂಬ ಹೋಳಿಗೆ ಇರುವಾಗ ಹೆಂಡತಿ ಏನಾದರೂ ಕೇಳಿದರೆ ಸುಮ್ಮನೆ ತಲೆಯಾಡಿಸಬಾರದು ಎನ್ನುವುದು ಪ್ರಭಂಜನನಿಗೆ ತಿಳಿಯುವ ಹೊತ್ತಿಗೆ ವಿಮಾನದ ಟಿಕೆಟ್ಟೂ ಬುಕ್ ಆಗಿಹೋಗಿತ್ತು.

ನಡೆದದ್ದು ಇಷ್ಟೇ. ಅಮೆರಿಕದ ಡಲ್ಲಾಸಿಗೆ ಅಂಟಿದ ಮರ್ಫಿ ಎಂಬ ಊರಿನಲ್ಲಿ ಪಕ್ಕದ ಮನೆಯ ದಾನಪ್ಪನವರು ಯುಗಾದಿಗೆ ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಊಟ ಮುಗಿಯುವ ಮೊದಲೇ ಅನೂಪ್ ತನ್ನ ಲ್ಯಾಪ್‌ಟಾಪನ್ನು ಅವರ ಟೀವಿಗೆ ಸಿಕ್ಕಿಸಿ ಆಲ್ಪ್ಸ್ ತೋರಿಸಲು ಶುರುಮಾಡಿದ. ಅನೂಪ್ ಪ್ರಭಂಜನನ ಆಫೀಸಿನಲ್ಲೇ ಕೆಲಸ ಮಾಡುವವನು, ವಯಸ್ಸಿನಲ್ಲಿ ಚಿಕ್ಕವನು. ಹೋದ ವರ್ಷ ಇಟಲಿಯ ಉತ್ತರ ತುದಿಯ ಯಾವುದೋ ಕಣಿವೆಗೆ ಒಬ್ಬನೇ ಸೈಕಲ್ ಪ್ರವಾಸ ಹೋಗಿ ಬಂದಾಗಿನಿಂದ ಯಾರ ಮನೆಯಲ್ಲಿ ಟೀವಿ ಕಂಡರೂ ಅವನು ಬಿಡುತ್ತಿರಲಿಲ್ಲ.

“ಹೊಳೆ ಎಡಗಡೆ ದಾರಿ ಹಿಡಿದ್ರೆ ಪೂರ್ತಿ ಸೇಬಿನ ತೋಟ. ಬಲಗಡೆ ಹೋದ್ರೆ ಹಳೇ ಕೋಟೆಗಳು, ಆದ್ರೆ ಜಲ್ಲಿ ರಸ್ತೆ. ನಾನಂತೂ ಎರಡೂ ಹೊಡೆದೆ,” ಎಂದ ಅನೂಪ್.

ಮೈಸೂರಿನಲ್ಲಿ ಕಾಲೇಜು ಮುಗಿಯುವ ತನಕ ಸೈಕಲ್ಲಿನಿಂದ ಇಳಿಯದಿದ್ದ ಲೀಲಾವತಿ ಗಂಡನ ಕಡೆ ತಿರುಗಿದಳು. “ರೀ, ನಾವೂ ಹೋಗೋಣ್ವಾ? ನಿಮಗೆ ಸೈಕಲ್ ಹೊಡೆಯೋಕೆ ಬರುತ್ತಲ್ವಾ?”

ಪ್ರಭಂಜನ ಆಗಷ್ಟೇ ಎರಡನೆಯ ಹೋಳಿಗೆಯನ್ನು ಮಡಚಿ ಇಡಿಯಾಗಿ ಬಾಯಿಗಿಟ್ಟಿದ್ದ. ಬರುವುದಿಲ್ಲ ಎನ್ನಲು ಬಾಯಿ ಖಾಲಿ ಇರಲಿಲ್ಲ. ಸ್ವಲ್ಪ ತಡಿ ಎನ್ನುವ ಅರ್ಥದಲ್ಲಿ ತಲೆಯಾಡಿಸಿದ. ಹೋಳಿಗೆ ಗಂಟಲಿನಿಂದ ಇಳಿಯುವಷ್ಟರಲ್ಲಿ ಲೀಲಾವತಿ ಅನೂಪನ ಹೆಂಡತಿ ವಾಣಿಶ್ರೀಯ ಎರಡೂ ಕೈ ಹಿಡಿದು ಕುಣಿಯುತ್ತಿದ್ದಳು. ಜೂನಿನಲ್ಲಿ ಎರಡು ಜೋಡಿಯೂ ಕೂಡಿ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ಹೆಂಡತಿಯ ಮುಖದಲ್ಲಿ ಅಂಥ ಬೆಳಕನ್ನು ಪ್ರಭಂಜನ ನೋಡಿ ಎಷ್ಟು ವರ್ಷವಾಗಿತ್ತೋ. ಅದನ್ನು ಆರಿಸಲು ಅವನಿಗೆ ಮನಸ್ಸಾಗಲಿಲ್ಲ.

ಹೆಸರೇನೋ ಬಿರುಗಾಳಿಯದು. ಆದರೆ ಮೂರು ಚಕ್ರದ ಸೈಕಲ್ಲಿನಿಂದ ಇಳಿದ ಮೇಲೆ ಎರಡು ಚಕ್ರದ ಯಾವುದನ್ನೂ ಅವನು ಮುಟ್ಟಿದವನಲ್ಲ. ಬಿದ್ದರೆ ಹಲ್ಲು ಹೋಗುತ್ತದೆ ಎಂದು ಅಮ್ಮ ಹೇಳಿದ್ದಳು, ಅವನು ನಂಬಿದ್ದ. ಲೀಲಾವತಿ ಎರಡು ಸೈಕಲ್ ಕೊಂಡು ತಂದು, ಬನ್ನಿ, ಒಂದು ಸುತ್ತು ಹೋಗಿಬರೋಣ ಎಂದಾಗಲೆಲ್ಲ ಬಿಸಿಲು, ಮೀಟಿಂಗು, ಮೊಣಕಾಲು ಎಂದು ಒಂದೊಂದು ನೆಪ ಹೇಳಿ ಮೇ ತಿಂಗಳವರೆಗೆ ತಳ್ಳಿದ. ಇನ್ನು ತಳ್ಳಲು ಕ್ಯಾಲೆಂಡರಿನಲ್ಲಿ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ಲೀಲಾವತಿ, ವಾಣಿಶ್ರೀ ಇಬ್ಬರೂ ಮಕ್ಕಳಿಗೆ ಕನ್ನಡ ಪಾಠ ಹೇಳಲು ಹೋಗುತ್ತಿದ್ದರು. ಹೆಂಡತಿಯ ಕಾರು ತಿರುವು ದಾಟಿದ್ದೇ ತಡ, ಪ್ರಭಂಜನ ಸೈಕಲ್ಲನ್ನು ತನ್ನ ವ್ಯಾನಿನೊಳಗೆ ತುರುಕತೊಡಗಿದ. ಹ್ಯಾಂಡಲ್ ಒಳಗೆ ಹೋದರೆ ಚಕ್ರ ಹೊರಗೆ, ಚಕ್ರ ಹೋದರೆ ಹ್ಯಾಂಡಲ್ ಹೊರಗೆ. ಒಲ್ಲದ ಎಮ್ಮೆಯನ್ನು ಕೊಟ್ಟಿಗೆಗೆ ನೂಕುವಂತಿತ್ತು.

“ಏನ್ರೀ ಸಾಹೇಬ್ರ, ಮುಂಜಾನೆ ಮುಂಜಾನೆ ಸೈಕಲ್ ತುಂಬ್ಕೊಂಡು ಎಲ್ಲಿಗೆ ಹೊಂಟೀರಿ?” ದಾನಪ್ಪನವರು ಹುಲ್ಲಿಗೆ ನೀರು ಬಿಡುತ್ತ ನಿಂತಿದ್ದರು. ಬಾಗಲಕೋಟೆ ಕಡೆಯವರು. ಬೀದಿಯಲ್ಲಿ ಯಾರ ಮನೆಗೆ ಪಾರ್ಸೆಲ್ ಬಂದರೂ ಅದರೊಳಗೇನಿದೆ ಎಂದು ಅವರಿಗೆ ಗೊತ್ತಿರಬೇಕು.

ಐವತ್ತರ ಹತ್ತಿರ ಬಂದವನು ಸೈಕಲ್ ಕಲಿಯಲು ಹೊರಟೆ ಎಂದು ಹೇಳುವುದು ಹೇಗೆ? “ಹೀಗೇ... ಬೆಟ್ಟ ಹತ್ತೋ ಪ್ರಾಕ್ಟೀಸು,” ಎಂದ ಪ್ರಭಂಜನ.

“ಬೆಟ್ಟ? ಡಲ್ಲಾಸಿನ್ಯಾಗ? ಇಲ್ಲಿ ನೆಲ ರೊಟ್ಟಿ ಬಡದಂಗ ಐತಲ್ರೀ!”

“ಅದೇ... ಫಾರ್ಮರ್ಸ್ ಬ್ರಾಂಚ್ ಊರಲ್ಲಿ ನಮ್ಮ ಆಫೀಸಿನ ಪಾರ್ಕಿಂಗ್ ಗ್ಯಾರೇಜಿದೆಯಲ್ಲ, ಐದು ಮಹಡಿ. ಅದರ ರ‍್ಯಾಂಪು.”

ದಾನಪ್ಪನವರ ಕೈಯಿಂದ ಪೈಪು ಜಾರಿತು. “ಅಬಬಬಾ! ಏನ್ ತಲಿ ರೀ ನಿಮ್ದು!”

ಭಾನುವಾರ ಆ ಗ್ಯಾರೇಜು ಖಾಲಿ. ಕೆಳ ಮಹಡಿಯಲ್ಲಿ ಪ್ರಭಂಜನ ಸೈಕಲ್ ಹತ್ತಿದ, ಬಿದ್ದ. ಮತ್ತೆ ಹತ್ತಿದ, ಕಂಬಕ್ಕೆ ಗುದ್ದಿ, ಬಹಳ ದಿನದ ಮೇಲೆ ಸಿಕ್ಕ ಸೋದರಮಾವನನ್ನು ತಬ್ಬಿದಂತೆ ಅದನ್ನೇ ತಬ್ಬಿಕೊಂಡು ನಿಂತ. ಕಂಬ ಬಿಟ್ಟರೆ ಸೈಕಲ್ ಬೀಳುತ್ತಿತ್ತು, ಸೈಕಲ್ ಬಿಟ್ಟರೆ ಅವನು ಬೀಳುತ್ತಿದ್ದ. ಹೀಗೆ ತಬ್ಬಿಕೊಂಡಿರುವಾಗಲೇ ಒಂದರ ಹಿಂದೊಂದು ನಾಲ್ಕಾರು ಕಾರುಗಳು ಒಳಗೆ ಬಂದವು.

ಮುಂದಿನ ಕಾರಿನಿಂದ ದಾನಪ್ಪನವರು ಇಳಿದರು. “ವಾಟ್ಸಾಪ್ ಗ್ರೂಪಿನ್ಯಾಗ ಹಾಕೀನ್ರಿ! ಎಲ್ಲಾರೂ ನೋಡ್ಬೇಕಂತ ಬಂದಾರ. ನಮ್ಮ ಮನಿಯಾಕಿ ಮಲ್ಲವ್ವ ಮ್ಯಾಲಿನ ಮಾಳಿಗಿಗೆ ಕಾರ್‌ನ್ಯಾಗ ಹೋಗ್ಯಾಳ, ನೀವು ಮುಟ್ಟಿದ್ ಕೂಡ್ಲೆ ಫೋನ್ ಮಾಡ್ತಾಳ. ನಾ ಇಲ್ಲಿ ಟೈಮ್ ನೋಡ್ತೀನಿ. ಹೂಂ, ಬಿಡ್ರಿ!”

ಬಂದವರೆಲ್ಲ ಫೋನು ಎತ್ತಿ ಹಿಡಿದರು. ಪ್ರಭಂಜನ ಕಂಬ ಬಿಟ್ಟು ಹ್ಯಾಂಡಲ್ ಹಿಡಿದ. “ಮೊದಲನೇ ತಿರುವಿನ ತನಕ ತಳ್ಕೊಂಡೇ ಹೋಗೋದು,” ಎಂದುಬಿಟ್ಟ. “ಆಲ್ಪ್ಸಲ್ಲಿ ಹಾಗೇನೇ. ಮೊಣಕಾಲು ಬಿಸಿಯಾಗ್ಬೇಕು.”

“ನೋಡ್ರಿ, ತಿಳದಾವ್ರು ಅಂದ್ರ ಹಿಂಗ!” ಎಂದರು ದಾನಪ್ಪನವರು ಎಲ್ಲರ ಕಡೆ ತಿರುಗಿ.

ತಿರುವಿನಾಚೆ, ಎರಡನೆಯ ಮಹಡಿಯಲ್ಲಿ, ಯಾರೂ ಇರಲಿಲ್ಲ. ಮುಂದೆ ರ‍್ಯಾಂಪು ಗೋಡೆಯಂತೆ ಎದ್ದು ನಿಂತಿತ್ತು, ಪಕ್ಕದಲ್ಲಿ ಲಿಫ್ಟಿನ ಗುಂಡಿ ಕೆಂಪಗೆ ಉರಿಯುತ್ತಿತ್ತು. ಪ್ರಭಂಜನ ಮೋಸ ಮಾಡಬೇಕೆಂದು ಯೋಚಿಸಿದವನಲ್ಲ. ಏನು ಮಾಡಬೇಕೆಂದೇ ಅವನಿಗೆ ತೋಚಿರಲಿಲ್ಲ. ಬೆರಳು ತಾನಾಗಿ ಗುಂಡಿ ಒತ್ತಿತು. ಬಾಗಿಲು ತೆರೆಯಿತು. ಸೈಕಲ್ಲನ್ನು ಹಿಂಗಾಲಿನ ಮೇಲೆ ನಿಲ್ಲಿಸಿಕೊಂಡು ಒಳಗೆ ಹೋದ.

ಐದನೆಯ ಮಹಡಿಯಲ್ಲಿ ಕಂಬದ ಮರೆಯಿಂದ ಸೈಕಲ್ ತಳ್ಳಿಕೊಂಡು ಹೊರಬಂದ ಅವನನ್ನು ಕಂಡು ಮಲ್ಲವ್ವ ಬೆಚ್ಚಿಬಿದ್ದರು. “ಅಯ್ಯ ಶಿವನ! ಬಂದ ಬಿಟ್ರಿ? ನಾ ಇನ್ನೂ ಛತ್ರಿ ಬಿಚ್ಚಿಲ್ರೀ!”

“ಕೊನೇ ತಿರುವೂ... ತಳ್ಕೊಂಡೇ...” ಎಂದು ಪ್ರಭಂಜನ ಏದುಸಿರು ಬಿಟ್ಟ. ಏದುಸಿರು ನಿಜವಾದದ್ದು, ಹೆದರಿಕೆಯದು.

ಕೆಳಗಿನಿಂದ ಕೇಕೆ ಕೇಳಿಸಿತು. ಇಳಿಯುವಾಗ ಬ್ರೇಕು ಸವೆಯುತ್ತದೆ ಎಂದು ಹೇಳಿ ಅವನು ಸೈಕಲ್ ಹಿಡಿದುಕೊಂಡು ನಡೆದೇ ಇಳಿದುಬಂದ. ಜನ ಅವನ ತೊಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಸುಸ್ತಾಗಿದೆ, ಮನೆಗೆ ಹೋಗುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತಿತು. ಅದರಿಂದ ಅನೂಪ್ ಇಳಿದ. ಮೈಗೆ ಅಂಟಿದ ಹಳದಿ ಬಟ್ಟೆ, ಬೋರಲು ಹಾಕಿದ ಇಡ್ಲಿ ತಟ್ಟೆಯಂಥ ಹೆಲ್ಮೆಟ್ಟು, ಕೈಯಲ್ಲಿ ಗಾಳಿಗಿಂತ ಹಗುರವಾದ ಸೈಕಲ್ಲು. ಮುಖ ಮಾತ್ರ ಭಾರವಾಗಿತ್ತು.

“ಗ್ರೂಪಲ್ಲಿ ನೋಡ್ದೆ ಸಾರ್. ಅಷ್ಟು ಕಡಿಮೆ ಟೈಮಾ?”

“ಮೊದಲ್ನೇ ತಿರುವಿನ ತನಕ ತಳ್ಕೊಂಡು ಹೋಗಿ ಸುದ್ದಾ ಇಷ್ಟ ಟೈಮ್ ರೀ!” ಎಂದರು ದಾನಪ್ಪನವರು. “ಆಲ್ಪ್ಸ್‌ನ್ಯಾಗ ಹಂಗಂತಲ್ಲ?”

ಅನೂಪ್ ಒಂದು ಕ್ಷಣ ಕಣ್ಣು ಪಿಳಿಪಿಳಿ ಮಾಡಿದ. “ಹೌದ್ಹೌದು. ಅದು ಗೊತ್ತಿರೋದೇ.”

ಪ್ರಭಂಜನನಿಗೆ ಗೊಂದಲವಾಯಿತು. ಆ ನಿಯಮವನ್ನು ಅವನು ಅರ್ಧ ಗಂಟೆಯ ಹಿಂದೆ ತಾನೇ ಹುಟ್ಟಿಸಿದ್ದ.

“ಹಂಗಾದ್ರ ಇಬ್ಬರೂ ಕೂಡೇ ಬಿಡ್ರಿ!” ಎಂದು ದಾನಪ್ಪನವರು ಕೈ ತಟ್ಟಿದರು. ಜನ ಹೋ ಎಂದರು.

ಈಗ ಎಲ್ಲ ಮುಗಿಯಿತು ಎಂದುಕೊಂಡ ಪ್ರಭಂಜನ. ಆದರೆ ಅವನಿಗಿಂತ ಮೊದಲೇ ಅನೂಪ್ ಹೇಳಿದ: “ಒಟ್ಟಿಗೆ ಬೇಡ. ಇಕ್ಕಟ್ಟಾಗುತ್ತೆ. ಸಾರ್ ಈ ಕಡೆ ರ‍್ಯಾಂಪಲ್ಲಿ ಬರ್ಲಿ, ನಾನು ಆ ಕಡೆ ರ‍್ಯಾಂಪಿಂದ ಬರ್ತೀನಿ. ಅಲ್ಲಿಗೆ ಯಾರೂ ಬರ್ಬೇಡಿ, ನನಗೆ ಏಕಾಗ್ರತೆ ಬೇಕು.”

ಪ್ರಭಂಜನನಿಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ದಾನಪ್ಪನವರು ಶಿಳ್ಳೆ ಹಾಕಿದರು. ಪ್ರಭಂಜನ ತಳ್ಳಿಕೊಂಡು ತಿರುವು ದಾಟಿದ, ಲಿಫ್ಟಿನ ಮುಂದೆ ನಿಂತ, ಗುಂಡಿ ಒತ್ತಿದ. ಬಾಗಿಲು ತೆರೆಯಿತು.

ಒಳಗೆ ಅನೂಪ್ ಇದ್ದ. ಅವನ ಸೈಕಲ್ಲೂ ಹಿಂಗಾಲಿನ ಮೇಲೆ ನಿಂತಿತ್ತು.

ಬಾಗಿಲು ಮುಚ್ಚಲು ಬಂತು. ಪ್ರಭಂಜನ ಮುಂದಿನ ಚಕ್ರವನ್ನು ಅಡ್ಡ ಕೊಟ್ಟು ಒಳಗೆ ನುಸುಳಿದ. ಎರಡು ಸೈಕಲ್ಲುಗಳು ಮೂತಿಗೆ ಮೂತಿ ಕೊಟ್ಟು ನಿಂತವು.

“ಸಾರ್, ನೀವು...?”

“ನೀನು...?”

“ನನ್ನ ಗೇರು ಸ್ವಲ್ಪ ಕೈ ಕೊಡ್ತು.”

“ನನ್ನದೂ.”

ಲಿಫ್ಟು ಮೂರನೆಯ ಮಹಡಿ ದಾಟಿತು. ಅನೂಪ್ ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡ. “ಸತ್ಯ ಹೇಳ್ಬಿಡ್ತೀನಿ ಸಾರ್. ಏರು ಬಂದ್ರೆ ನನ್ನ ಕೈಲಿ ಆಗಲ್ಲ. ಉಸಿರು ಹಿಡ್ಕೊಳ್ಳುತ್ತೆ.”

“ಮತ್ತೆ ಆಲ್ಪ್ಸು? ಸೇಬಿನ ತೋಟ, ಕೋಟೆ?”

“ಎಲ್ಲಾ ನೋಡಿದೀನಿ, ರೈಲಿನ ಕಿಟಕೀಲಿ. ಆ ಕಣಿವೆ ಉದ್ದಕ್ಕೂ ಪುಟ್ಟ ರೈಲಿದೆ ಸಾರ್. ಸೈಕಲ್ಲೂ ಹತ್ತಿಸ್ಕೊಳ್ತಾರೆ. ಪ್ರತಿ ಊರಲ್ಲೂ ಇಳಿದು, ಸೈಕಲ್ ಪಕ್ಕ ನಿಂತು ಫೋಟೋ ತೆಗೆಸ್ಕೊಂಡೆ.”

ಪ್ರಭಂಜನನ ಎದೆಯ ಮೇಲಿದ್ದ ಬಂಡೆ ಸರಿದಂತಾಯಿತು. ರೈಲು! ಹೆಂಗಸರು ಸೈಕಲ್ಲಿನಲ್ಲಿ ಬರಲಿ. ಮೊಣಕಾಲು ನೋವು ಎಂದರೆ ಲೀಲಾವತಿ ತಾನೇ ರೈಲು ಹತ್ತಿಸುತ್ತಾಳೆ. ಸಂಜೆ ಮುಂದಿನ ಊರಿನ ಸ್ಟೇಷನ್ನಿನಲ್ಲಿ ಕಾಫಿ ಹಿಡಿದು ಅವಳಿಗಾಗಿ ಕಾಯುತ್ತ ಕೂರಬಹುದು. “ಅನೂಪ್, ನೀನು ದೇವರಪ್ಪಾ,” ಎಂದ.

“ಯಾರಿಗೂ ಹೇಳ್ಬೇಡಿ ಸಾರ್.”

“ನೀನೂ ಹೇಳ್ಬೇಡ.”

ಮೇಲಿನ ಮಹಡಿಯಲ್ಲಿ ಒಬ್ಬ ಎಡಗಡೆಯ ಕಂಬದಿಂದ, ಇನ್ನೊಬ್ಬ ಬಲಗಡೆಯ ಕಂಬದಿಂದ ಒಮ್ಮೆಲೇ ಹೊರಬಂದರು. ಮಲ್ಲವ್ವ ವಿಡಿಯೋ ತೆಗೆಯುತ್ತಲೇ ಕುಣಿದಾಡಿದರು. ಬಹಳ ಹೊತ್ತಿನ ಮೇಲೆ ದಾನಪ್ಪನವರು ಬಂದರು. “ಲಿಫ್ಟ್ ಎಲ್ಲಿ ಸಿಕ್ಕೊಂಡಿತ್ತೋ ಏನೋ, ಬರ್ಲೇ ಇಲ್ರೀ! ನಾ ಲಿಫ್ಟಿನ್ಯಾಗ ಬರೋದ್ರಾಗ ನೀವು ಸೈಕಲ್ ಮ್ಯಾಲ ಬಂದು ನಿಂತೀರಿ. ಭಲೇ!”

ಮಧ್ಯಾಹ್ನ ಪ್ರಭಂಜನ ಮನೆಗೆ ಬಂದಾಗ ಬಾಗಿಲಲ್ಲೇ ಲೀಲಾವತಿ ನಿಂತಿದ್ದಳು. ಕೈಯಲ್ಲಿ ಫೋನು, ಕಣ್ಣಲ್ಲಿ ನೀರು. ಎಲ್ಲ ಗೊತ್ತಾಯಿತು ಎಂದುಕೊಂಡು ಅವನು ತಲೆ ತಗ್ಗಿಸಿದ.

“ನಿಮ್ಮನ್ನ ಎಷ್ಟು ತಪ್ಪು ತಿಳ್ಕೊಂಡಿದ್ದೆ ರೀ! ಬನ್ನಿ ಅಂದಾಗೆಲ್ಲ ಮೊಣಕಾಲು ಅಂತಿದ್ರಿ. ಇವರಿಗೆ ಇಷ್ಟವೇ ಇಲ್ಲ, ನನಗೋಸ್ಕರ ಒದ್ದಾಡ್ತಿದಾರೆ ಅಂತ ಒಳಗೇ ಬೇಜಾರು ಮಾಡ್ಕೊಂಡಿದ್ದೆ. ನೀವು ನೋಡಿದ್ರೆ ಗುಟ್ಟಾಗಿ ಬೆಟ್ಟ ಹತ್ತೋಕೆ ತಯಾರಾಗ್ತಿದೀರಿ! ಇದು ಗೊತ್ತಿಲ್ದೆ ನಾನು ಆ ಸುಲಭದ ಕಣಿವೆ ದಾರಿ ಬುಕ್ ಮಾಡಿದ್ದೆ.”

“ಮಾಡಿದ್ದೆ? ಅಂದ್ರೆ?” ಪ್ರಭಂಜನ ತಲೆಯೆತ್ತಿದ.

“ಬದಲಾಯಿಸಿದೆ! ಬದಲಾಯಿಸೋಕೆ ಇವತ್ತೇ ಕೊನೇ ದಿನ ಇತ್ತು. ನಾನು, ವಾಣಿಶ್ರೀ ಕ್ಲಾಸಲ್ಲೇ ಕೂತು ವಿಡಿಯೋ ನೋಡಿದ್ವಿ, ಅಲ್ಲೇ ಮಾಡಿಬಿಟ್ವಿ. ಈಗ ಹೊಳೆ ದಾರಿ ಅಲ್ಲ, ಮೇಲಿನ ಘಾಟಿ ದಾರಿ. ತಿರುವಿನ ಮೇಲೆ ತಿರುವಂತೆ!”

“ರೈಲು...?”

“ರೈಲು ಅಷ್ಟು ಮೇಲೆ ಎಲ್ಲಿಗೆ ಬರುತ್ತೆ ರೀ? ಕೈ ಕಾಲು ತೊಳ್ಕೊಳ್ಳಿ, ಬಿಸಿಬೇಳೆ ಭಾತು ಮಾಡಿದೀನಿ,” ಎಂದು ಅವಳು ಅಡುಗೆಮನೆಗೆ ಹೋದಳು. ಹಾಡು ಗುನುಗುವುದು ಕೇಳಿಸಿತು.

ಪ್ರಭಂಜನನ ಫೋನು ಅಲುಗಾಡಿತು. ಅನೂಪ್.

“ಸಾರ್, ಘಾಟಿ...”

“ಕೇಳಿದೆ.”

ಅನೂಪ್ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತೆ ಮಾತಾಡಿದ. “ಧೈರ್ಯ ತಗೊಳ್ಳಿ ಸಾರ್. ಏರಲ್ಲಿ ಏನಾದ್ರೂ ನೆಪ ಹೇಳಿ ತಳ್ಕೊಂಡು ಹೋಗಿಬಿಡೋಣ. ಇಳಿಜಾರಿಗಂತೂ ಚಿಂತೇನೇ ಇಲ್ಲ. ಸುಮ್ನೆ ಸೈಕಲ್ ಮೇಲೆ ಕೂತ್ರೆ ಸಾಕು, ಅದೇ ಕರ್ಕೊಂಡು ಹೋಗುತ್ತೆ.”

ಪ್ರಭಂಜನ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಫೋನಿಗೆ ಕೈ ಅಡ್ಡ ಹಿಡಿದು, ದನಿ ಇಳಿಸಿದ.

“ಅನೂಪ್, ಮೇಲೆ ಕೂತಾಗ ಬೀಳದೇ ಇರೋದು ಹೇಗಪ್ಪಾ?”