ಕ್ಯಾಚ್ ಹಿಡಿದವರು, ಬಾಯಿ ಬಿಟ್ಟವರು

ಮೈದಾನದ ಒಳಗೆ ಹನ್ನೊಂದು ಜನ ಆಡಿದರೆ ಹೊರಗೆ ಊರೇ ಆಡುತ್ತದೆ. ಮೈಕಿನ ಮುಂದೆ ಕೂತವನಿಗೆ ಎರಡೂ ಆಟ ಕಾಣುತ್ತವೆ. ನಾನು ಅಂಥ ಒಬ್ಬ. ವಾರವೆಲ್ಲ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಚುತ್ತಿದ್ದೆ. ಭಾನುವಾರ ಬಂದರೆ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಕಾಮೆಂಟರಿ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ದಾವಣಗೆರೆಯಿಂದ ಹರಿಹರದವರೆಗೆ ಖಾಲಿ ಜಾಗ ಕಂಡಲ್ಲೆಲ್ಲ ಶಾಮಿಯಾನ ಹಾಕಿ ಮ್ಯಾಚ್ ಇಡುತ್ತಿದ್ದರು. ಅಲ್ಲಿ ನಾನು ಕಂಡ ಕೆಲವು ಕ್ಯಾಚು, ಥ್ರೋಗಳನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಅವನ್ನು ನೋಡಿದವರ ಅವಸ್ಥೆ ನೆನೆದರೆ ನಗು ತಡೆಯುವುದಿಲ್ಲ.

ಮುಖ್ಯ ಅತಿಥಿಗಳ ರೀಪ್ಲೇ

ದಾವಣಗೆರೆಯ ಒಂದು ಸೆಮಿಫೈನಲ್. ಮುಖ್ಯ ಅತಿಥಿಯಾಗಿ ಬಂದಿದ್ದವರು ಒಬ್ಬ ಎಣ್ಣೆ ಮಿಲ್ಲಿನ ಯಜಮಾನರು. ಕ್ರಿಕೆಟ್ ಅಂದರೆ ಪ್ರಾಣ, ಆದರೆ ಅಷ್ಟು ದಿನ ನೋಡಿದ್ದೆಲ್ಲ ಟಿವಿಯಲ್ಲೇ.

ಬ್ಯಾಟ್ಸ್‌ಮನ್ ಎತ್ತಿ ಹೊಡೆದ. ಚೆಂಡು ಕಲ್ಲಿನ ಕಾಂಪೌಂಡಿನ ಕಡೆ ಹೊರಟಿತು. ಲಾಂಗ್ ಆನ್‌ನಲ್ಲಿದ್ದ ಹುಡುಗ ಬೆನ್ನು ತಿರುಗಿಸಿ ಓಡಿದ. ಚೆಂಡು ನೋಡುತ್ತಲೇ ಇಲ್ಲ. ಗೋಡೆಗೆ ಇನ್ನೇನು ಹಣೆ ಬಡಿಯಬೇಕು, ಒಂದು ಕಾಲನ್ನು ಗೋಡೆಗೆ ಒದ್ದು, ಮೇಲಕ್ಕೆ ಹಾರಿ, ಎಡಗೈ ಚಾಚಿದ. ಚೆಂಡು ಅಂಗೈಗೆ ಅಂಟಿಕೊಂಡು ಬಿಟ್ಟಿತು! ಎದ್ದ ಗದ್ದಲಕ್ಕೆ ನನ್ನ ಮೈಕು ಕೀಂಯ್ ಅಂತು.

ಯಜಮಾನರು ಆಗ ತಲೆ ಬಗ್ಗಿಸಿ ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಿ, "ಏನಾತು?" ಅಂದರು.

"ಕ್ಯಾಚ್ ಹಿಡಿದ ಸಾರ್! ಎಂಥಾ ಕ್ಯಾಚು!"

"ಹೌದಾ? ಇರ್ಲಿ ಬಿಡ್ರಿ, ರೀಪ್ಲೇನಾಗೆ ನೋಡ್ತೀನಿ," ಅಂದು ಮೈದಾನವನ್ನೇ ದಿಟ್ಟಿಸಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ವಿಷಯ ಹೊಳೆಯಿತು. ಎದ್ದು ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ಆ ಹುಡುಗನಿಗೆ ಒಂದ್ ಮಾತು ಹೇಳ್ರಿ. ಇನ್ನೊಂದ್ ಸಲ ಹಿಡೀಲಿ. ನಾನು ಚೀಫ್ ಗೆಸ್ಟು" ಅಂದರು.

ಓವರ್ ಮುಗಿದಾಗ ಹುಡುಗನನ್ನು ಕರೆದು ಹೇಳಿದೆ. ಅವನು ಯಜಮಾನರಿಗೆ ಕೈ ಮುಗಿದ. "ಹೆಂಗೆ ಹಿಡಿದೆ ಅಂತ ನನಗೇ ಗೊತ್ತಿಲ್ಲ ಯಜಮಾನ್ರೇ. ನಾನೂ ರೀಪ್ಲೇನೇ ಕಾಯ್ತಾ ಇದೀನಿ!"

ಚೆಂಡು ನೋಡಿದ ಅಂಪೈರ್

ಹರಿಹರದ ಹೊಳೆ ಕಡೆಯ ಮೈದಾನ. ಅಂಪೈರ್ ಒಬ್ಬ ಡ್ರಿಲ್ ಮೇಷ್ಟ್ರು. ಬಲು ಕಟ್ಟುನಿಟ್ಟು. ಅವರ ಬೆರಳು ಎದ್ದರೆ ಎದ್ದಿತು, ಕೇಳುವ ಹಾಗಿಲ್ಲ.

ಕಡರನಾಯಕನಹಳ್ಳಿ ತಂಡದಲ್ಲಿ ಉದ್ದ ತೋಳಿನ ಒಬ್ಬ ಆಟಗಾರನಿದ್ದ. ಜೋಳದ ತೆನೆ ಬಂದ ಕಾಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿ ಬೆಳೆದ ತೋಳು. ಆ ದಿನ ಚೆಂಡು ಬೌಂಡರಿ ಗೆರೆಯ ಹತ್ತಿರ ಹೋಗಿ ನಿಂತಿತ್ತು. ಬ್ಯಾಟ್ಸ್‌ಮನ್ನರು ಎರಡನೇ ರನ್ನಿಗೆ ಆರಾಮಾಗಿ ಹೊರಟರು. ಈತ ಚೆಂಡು ಎತ್ತಿ ನಿಂತಲ್ಲಿಂದಲೇ ಬೀಸಿದ. ಅದು ನೆಲ ಮುಟ್ಟಲಿಲ್ಲ. ಸೊಂಯ್ ಅಂತ ಬಂದು ನಡುವಿನ ಸ್ಟಂಪಿಗೆ ಬಡಿಯಿತು. ಸ್ಟಂಪು ಕಿತ್ತುಕೊಂಡು ಪಲ್ಟಿ ಹೊಡೆದು ಕೀಪರ್ ಹಿಂದೆ ಬಿತ್ತು.

ಜನ ಚಪ್ಪಾಳೆ ತಟ್ಟಿದರು. ಅಂಪೈರ್ ಮೇಷ್ಟ್ರೂ ತಟ್ಟಿದರು. ತಟ್ಟುತ್ತಲೇ ಇದ್ದರು.

"ಸಾರ್, ಔಟಾ, ನಾಟೌಟಾ?" ಅಂತ ನಾಯಕ ಕೇಳಿದ.

ಮೇಷ್ಟ್ರ ಕೈ ನಿಂತಿತು. ಮುಖ ಪೆಚ್ಚಾಯಿತು. "ನಾನು ಚೆಂಡು ನೋಡ್ತಾ ಇದ್ದೆನಪ್ಪ. ಬ್ಯಾಟ್ಸ್‌ಮನ್ ಎಲ್ಲಿದ್ದ ಅಂತ ನೋಡಾಕೆ ಮರ್ತೆ." ಇನ್ನೊಬ್ಬ ಅಂಪೈರನ್ನು ನೋಡಿದರು. ಅವರು ಇನ್ನೂ ಬಿದ್ದ ಸ್ಟಂಪನ್ನೇ ನೋಡುತ್ತ ನಿಂತಿದ್ದರು.

ಬೇರೆ ದಾರಿ ಕಾಣದೆ ಮೇಷ್ಟ್ರು ಬ್ಯಾಟ್ಸ್‌ಮನ್ನನ್ನೇ ಕೇಳಿದರು: "ನೀನೇ ಹೇಳಪ್ಪ, ಒಳಗಿದ್ಯೋ ಹೊರಗಿದ್ಯೋ?"

ಆತ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಪೆವಿಲಿಯನ್ ಕಡೆ ತಿರುಗಿದ. "ಅಂಥ ಥ್ರೋ ಬಿದ್ದ ಮ್ಯಾಲೆ ಒಳಗಿದ್ರೂ ಹೊರಗೇ ಸಾರ್."

ನಾಭಿಯ ಕೆಳಗೆ, ಮಂಡಿಯ ಮೇಲೆ

ವಿನೋಬನಗರದ ಹತ್ತಿರದ ಮೈದಾನದಲ್ಲಿ ಮೈಕಿನ ಹಾರ್ನ್ ಕಟ್ಟಿದರೆ ಸುತ್ತಲಿನ ಮನೆಗಳ ಅಡುಗೆಮನೆಗೂ ಕಾಮೆಂಟರಿ ಹೋಗುತ್ತಿತ್ತು. ಅಲ್ಲಿ ಒಂದು ದಿನ ಬೌಲರ್ ಹಾಕಿದ ಚೆಂಡು ಪುಟಿಯದೆ ನೇರ ಹೋಗಿ, ಗಂಡಸರಿಗೆ ಎಲ್ಲಿ ಬೀಳಬಾರದೋ ಅಲ್ಲಿಗೇ ಬಿತ್ತು. ಬ್ಯಾಟ್ಸ್‌ಮನ್ ಸದ್ದಿಲ್ಲದೆ ಮಡಚಿಕೊಂಡ. ಮೈದಾನದ ಸುತ್ತ ಕೂತಿದ್ದ ಅಷ್ಟೂ ಗಂಡಸರು "ಅಯ್ಯಪ್ಪಾ" ಅಂತ ಒಟ್ಟಿಗೇ ಕಾಲು ಸೇರಿಸಿದರು. ಅಷ್ಟು ಶಿಸ್ತಿನ ಕವಾಯತನ್ನು ನಾನು ಪೆರೇಡಿನಲ್ಲೂ ಕಂಡಿಲ್ಲ.

ಮೈಕಿನಲ್ಲಿ ನಾನು ಏನಾದರೂ ಹೇಳಲೇಬೇಕು. ಮನೆಗಳಲ್ಲಿ ಹೆಣ್ಣುಮಕ್ಕಳು ಕೇಳುತ್ತಿರುತ್ತಾರೆ. "ಚೆಂಡು ಬ್ಯಾಟ್ಸ್‌ಮನ್ನರ ನಾಭಿಯ ಕೆಳಗೆ, ಮಂಡಿಯ ಮೇಲೆ ಬಡಿದಿದೆ. ಅವರು ನೆಲದ ಮೇಲೆ ವಿಶ್ರಾಂತಿ ಪಡೆಯುತ್ತಿದ್ದಾರೆ" ಅಂದೆ.

ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯ ಅಜ್ಜಿಯೊಬ್ಬರು ಬಿಸಿ ಉಪ್ಪಿನ ಗಂಟು ಹಿಡಿದು ಸರಸರ ಮೈದಾನದೊಳಕ್ಕೇ ನಡೆದು ಬಂದರು. "ತೊಡೀಗೆ ಬಿದ್ದೈತಂತೆ, ಪಾಪ! ಸರೀರಿ ಎಲ್ರೂ. ಶಾಖ ಕೊಡ್ತೀನಿ."

"ಬ್ಯಾಡಜ್ಜಿ, ತೊಡೆ ಅಲ್ಲ," ಅಂದ ನಾಯಕ.

"ಮತ್ತೆಲ್ಲಿ?"

ನಾಯಕ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ. ಅಜ್ಜಿ ಬ್ಯಾಟ್ಸ್‌ಮನ್ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಾಚ್ಕೆ ಯಾಕ ಮಗನೇ? ನಿಮ್ಮಪ್ಪಗೂ ನಾನೇ ಎಣ್ಣೆ ಹಚ್ಚಿ ಎರೆದಾಕಿ. ತಿರುಗು ಈ ಕಡೆ" ಅಂದರು.

ಅಲ್ಲಿಯವರೆಗೆ ಬೆರಳು ಅಲ್ಲಾಡಿಸದಿದ್ದ ಮನುಷ್ಯ ಚಂಗನೆ ಎದ್ದು, ಕ್ರೀಸಿನಲ್ಲಿ ಬ್ಯಾಟ್ ಊರಿ ನಿಂತು, "ಹಾಕಲೇ ಬೇಗ!" ಅಂತ ಬೌಲರ್‌ಗೆ ಕೂಗಿದ. ಅಜ್ಜಿ ಉಪ್ಪಿನ ಗಂಟು ಎತ್ತಿ ಎಲ್ಲರಿಗೂ ತೋರಿಸಿದರು: "ನೋಡಿದ್ರಾ? ಇನ್ನೂ ಮುಟ್ಸಿಲ್ಲ, ಆಗ್ಲೇ ವಾಸಿ!"

ಮಾವನ ಉಸಿರು

ಒಮ್ಮೆ ಮಾಯಕೊಂಡದವರು ಕಬಡ್ಡಿಗೆ ಕರೆದಿದ್ದರು. ಊರಿನ ಒಬ್ಬ ದೊಡ್ಡ ರೈತರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಹೊಸ ಅಳಿಯನೇ ರೈಡರ್.

ಅಳಿಯ "ಕಬಡ್ಡಿ ಕಬಡ್ಡಿ" ಅನ್ನುತ್ತ ಒಳಹೊಕ್ಕ. ಎದುರಾಳಿಗಳು ಕಾಲು ಹಿಡಿದರು, ಸೊಂಟ ಹಿಡಿದರು, ಒಬ್ಬ ಬೆನ್ನ ಮೇಲೇ ಕೂತ. ಅಷ್ಟೂ ಜನರನ್ನು ಎಳೆದುಕೊಂಡು ಆತ ಮಣ್ಣಲ್ಲಿ ಹಾವಿನಂತೆ ಹರಿದು ಬಂದ. ಉಸಿರು ಬಿಡಲಿಲ್ಲ. ಕೊನೆಗೆ ಕಿರುಬೆರಳು ಗೆರೆ ಮುಟ್ಟಿತು. ಜನ ಕುಣಿದಾಡುವ ಹೊತ್ತಿಗೆ ಇತ್ತ ಮಾವ ಕುರ್ಚಿ ಸಮೇತ ದಡ್ಡನೆ ಹಿಂದಕ್ಕೆ ಬಿದ್ದರು.

ಅಳಿಯನೇ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದ. ಮಾವ ಕಣ್ಣು ಬಿಟ್ಟರು.

"ಏನಾತು ಮಾವಾರೇ?"

"ಉಸ್ರು ಹಿಡಿದಿದ್ದೆನಪ್ಪ, ನಿನ್ ಜೋಡಿ."

"ನೀವ್ಯಾಕ ಹಿಡಿದ್ರಿ?"

"ನಿಂದು ಸಾಲ್ದೇ ಹೋದ್ರೆ ಅಂತ!"

ಸೊಂಟದ ಮೇಲಿನ ಕೊಡ

ಹರಿಹರದ ಫೈನಲ್. ಕೊನೆಯ ಓವರು, ಗೆಲ್ಲಲು ಏಳು ರನ್. ಕ್ರೀಸಿನಲ್ಲಿದ್ದವನು ಫ್ಯಾಕ್ಟರಿಯೊಂದರ ಫಿಟ್ಟರ್, ಊರಿಗೇ ಹೆಸರಾದ ಸಿಕ್ಸರ್ ವೀರ. ನಾನು ಮೈಕಿನಲ್ಲಿ ಅವನನ್ನು ಹೊಗಳಿ ಹೊಗಳಿ ಗಂಟಲು ಕಟ್ಟಿಸಿಕೊಂಡಿದ್ದೆ.

ಬೌಲರ್ ಹಾಕಿದ. ಫಿಟ್ಟರ್ ಕಣ್ಣುಮುಚ್ಚಿ ಬೀಸಿದ. ಚೆಂಡು ಹಗ್ಗ ದಾಟಿ, ಜನರನ್ನು ದಾಟಿ, ಹಿಂದಿನ ದಾರಿಗೆ ಇಳಿಯತೊಡಗಿತು. ಆ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಜನ "ಅಕ್ಕಾ, ತಲೆ! ತಲೆ!" ಅಂತ ಚೀರಿದರು. ಆಕೆ ತಲೆ ಎತ್ತಿ ನೋಡಿದಳು. ಬಲಗೈ ಎತ್ತಿದಳು. ಅಷ್ಟೇ. ಪಟ್ಟನೆ ಚೆಂಡು ಅಂಗೈಯಲ್ಲಿ ಕೂತಿತು. ಕೊಡದಿಂದ ಒಂದು ಹನಿ ತುಳುಕಲಿಲ್ಲ!

ನಾನು ಆಟಗಾರರ ಎಷ್ಟೋ ಕ್ಯಾಚಿಗೆ ಬಾಯಿ ಹರಿದುಕೊಂಡವನು. ಅದಕ್ಕೆ ಮಾತ್ರ ಮೈಕು ಕೆಳಗಿಟ್ಟು ಎದ್ದು ನಿಂತೆ. ಫೀಲ್ಡಿಂಗ್ ತಂಡದ ನಾಯಕ ಅಂಪೈರ್ ಹತ್ತಿರ ಓಡಿದ. "ಇಂಥ ಕ್ಯಾಚಿಗೆ ಔಟ್ ಕೊಡ್ಲಿಲ್ಲ ಅಂದ್ರೆ ಹೆಂಗೆ ಸಾರ್?" ಅಂಪೈರ್ ಎರಡೂ ಕೈ ಎತ್ತಿ, "ಹಗ್ಗದ ಆಚೆ ಹಿಡಿದಿದ್ದು. ಸಿಕ್ಸರ್!" ಅಂದರು. ಜನ ಎರಡು ಪಾಲಾಗಿ ಕೂಗಾಡಿದರು.

ಈ ಗಲಾಟೆಯ ನಡುವೆ ಆಕೆ ಚೆಂಡು ಕೊಡಲು ಹಗ್ಗದ ಹತ್ತಿರ ಬಂದಳು. ಪಿಚ್ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಫಿಟ್ಟರ್ ಮೆಲ್ಲಗೆ ಅಂಪೈರ್ ಬೆನ್ನ ಹಿಂದೆ ಸರಿಯುತ್ತಿದ್ದ.

"ಏನ್ರೀ!" ಆಕೆಯ ದನಿಗೆ ಮೈಕೇ ಬೇಕಿರಲಿಲ್ಲ. "ಫ್ಯಾಕ್ಟರಿಯಾಗೆ ಓವರ್‌ಟೈಮ್ ಐತೆ ಅಂದಿದ್ರಿ?"

ಫಿಟ್ಟರ್ ಅಂಪೈರ್ ಹಿಂದಿನಿಂದ ತಲೆ ಹೊರಗೆ ಹಾಕಿ, "ಇದೂ ಓವರೇ... ಕೊನೇ ಓವರು," ಅಂದ. ಹೆಂಡತಿ ಕಣ್ಣು ಮಿಟುಕಿಸಲಿಲ್ಲ. ಆತ ಬ್ಯಾಟ್ ಕೆಳಗಿಟ್ಟ. "ನಾನು ಔಟ್ ಸಾರ್," ಅಂದು ನಡೆದು ಬಂದು, ಆಕೆಯ ಸೊಂಟದ ಕೊಡವನ್ನು ತನ್ನ ಹೆಗಲಿಗೇರಿಸಿಕೊಂಡು ಹಿಂದೆ ಹಿಂದೆ ಹೋದ. ಉಳಿದ ಒಂದು ರನ್ನನ್ನು ಕೊನೆಯ ಬ್ಯಾಟ್ಸ್‌ಮನ್ ಕಾಲಿಗೆ ಬಡಿಸಿಕೊಂಡು ಓಡಿದ. ಕಪ್ ಗೆದ್ದರು, ಎತ್ತಲು ವೀರನೇ ಇರಲಿಲ್ಲ.

ಬಹುಮಾನದ ಹೊತ್ತಿಗೆ 'ಉತ್ತಮ ಕ್ಯಾಚ್'ಗೆ ಒಂದು ಸ್ಟೀಲ್ ಡಬ್ಬಿಗಳ ಸೆಟ್ ಇತ್ತು. ಅದು ಸಿಗಬೇಕಾಗಿದ್ದ ಆಟಗಾರ, "ನಂಗೆ ಬ್ಯಾಡ್ರಿ. ಆ ಅಕ್ಕ ಹಿಡಿದಿದ್ದನ್ನ ನೋಡಿದ ಮ್ಯಾಲೆ ನಾನು ಹೆಂಗೆ ತಗಳ್ಲಿ?" ಅಂದ. ಕಮಿಟಿಯವರು ಡಬ್ಬಿಗಳನ್ನು ನನ್ನ ಕೈಲಿ ಹೊರಿಸಿ ಫಿಟ್ಟರ್ ಮನೆಗೆ ಕಳಿಸಿದರು.

ಬಾಗಿಲಲ್ಲಿ ಆಕೆ ನಿಂತಿದ್ದಳು. ಒಳಗೆ ಫಿಟ್ಟರ್ ಸೊಪ್ಪು ಬಿಡಿಸುತ್ತಿದ್ದ. ವಿಷಯ ಹೇಳಿ ಡಬ್ಬಿ ಕೊಟ್ಟೆ. ಒಂದೊಂದನ್ನೂ ತಿರುಗಿಸಿ ನೋಡಿದಳು, ಬೆರಳಿನಿಂದ ಟಿಂಗ್ ಅನಿಸಿದಳು. ಮುಖ ಅರಳಿತು.

"ಬರೋ ಐತಾರ ಮ್ಯಾಚ್ ಐತೇನ್ರಿ ಅಣ್ಣಾರೆ?"

ಒಳಗಿಂದ ಫಿಟ್ಟರ್ ಸೊಪ್ಪಿನ ಕಟ್ಟು ಹಿಡಿದೇ ಎದ್ದು ನಿಂತ. "ಐತೆ, ಐತೆ! ಬೆಳಗ್ಗೇನೇ ಹೋಗ್ಬೇಕು!"

ಆಕೆ ತಿರುಗಿಯೂ ನೋಡಲಿಲ್ಲ.

"ನಿಮ್ಮನ್ನ ಯಾರು ಕೇಳಿದ್ರು? ನನ್ನನ್ನ ಟೀಮಿಗೆ ತಗಂತಾರಾ ಅಂತ ಕೇಳ್ದೆ."