ಪತ್ತೇದಾರ ಕಂಪ್ಯೂಟರ್ ಕೊಂಡದ್ದು

ಪತ್ತೇದಾರ ಡಬ್ಬವನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದು ಬರಲಿಲ್ಲ. ಸದ್ದು ಬಾರದ್ದು ಅವನಿಗೆ ಸರಿಕಾಣಲಿಲ್ಲ. ಎಡಗಿವಿಗೆ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದ.

"ಸಾರ್, ಅದು ಪ್ರೊಸೆಸರ್. ತೆಂಗಿನಕಾಯಲ್ಲ," ಎಂದ ಅಂಗಡಿಯವನು.

"ಒಳಗಿದೆಯೋ ಇಲ್ವೋ ಅಂತ ನೋಡ್ತಿದೀನಿ."

"ಸೀಲ್ ಇದೆಯಲ್ಲ ಸಾರ್."

"ಸೀಲ್ ಹಾಕೋ ಯಂತ್ರ ನಿಮ್ಮ ಹತ್ರಾನೂ ಇರಬಹುದು."

ಅಂಗಡಿಯವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ಗಾಜಿನ ಮೇಜಿನ ಮೇಲೆ ಎರಡು ಡಬ್ಬಗಳಿದ್ದವು, ಒಂದು ನೀಲಿ, ಒಂದು ಕಪ್ಪು. ಅವನು ನೀಲಿಯದನ್ನು ಮುಂದಕ್ಕೆ ತಳ್ಳಿದ. "ಮನೇಲಿ ವಿಡಿಯೋ ಎಡಿಟಿಂಗಿಗೆ ಅಂತೀರಿ. ನೀಲಿ ತಗೊಳ್ಳಿ. ನನ್ನ ಸ್ವಂತ ಅಣ್ಣನಿಗೆ ಹೇಳೋ ಹಾಗೆ ಹೇಳ್ತಿದೀನಿ."

ಸ್ವಂತ ಅಣ್ಣ ಎಂಬ ಮಾತು ಬಿದ್ದದ್ದೇ ತಡ, ನೀಲಿ ಡಬ್ಬದ ಕತೆ ಮುಗಿಯಿತು. ಅಣ್ಣ ಎಂದವರು ಯಾರೂ ಪತ್ತೇದಾರನಿಗೆ ಇದುವರೆಗೆ ಒಳ್ಳೆಯದು ಮಾಡಿರಲಿಲ್ಲ.

"ಕಪ್ಪು ಕೊಡಿ."

"ಬೇಡಿ ಸಾರ್, ಆಮೇಲೆ ನನ್ನನ್ನ ಬೈಕೋತೀರಿ."

"ಕಪ್ಪು."

ಅಂಗಡಿಯವನು ದೊಡ್ಡದಾಗಿ ನಿಟ್ಟುಸಿರುಬಿಟ್ಟು ಬಿಲ್ ಬರೆದ. ನಿಟ್ಟುಸಿರು ಬೇಗ ಮುಗಿಯಿತು ಅಂತ ಪತ್ತೇದಾರನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ನಿಟ್ಟುಸಿರನ್ನು ಅಲ್ಲಾಡಿಸಿ ನೋಡುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಅವನು ನಿಜವಾದ ಪತ್ತೇದಾರನೇನೂ ಅಲ್ಲ. ಮದುವೆಯ ವಿಡಿಯೋ ಮಾಡುವ ಸ್ಟುಡಿಯೋ ಒಂದರಲ್ಲಿ ಒಂಬತ್ತು ವರ್ಷಗಳಿಂದ ಎಡಿಟರ್. ಬೀದಿಯವರು ಇಟ್ಟ ಹೆಸರು ಅದು. ಇಟ್ಟದ್ದರಲ್ಲಿ ತಪ್ಪೂ ಇರಲಿಲ್ಲ. ದಿನಪತ್ರಿಕೆ ಬಂದರೆ ಮೊದಲು ತಾರೀಖು ನೋಡಿ, ಅದು ಇವತ್ತಿನದೇ ಎಂದು ಖಚಿತಪಡಿಸಿಕೊಂಡು, ಆಮೇಲೆ ತಂದುಕೊಟ್ಟವನ ಮುಖ ನೋಡುತ್ತಿದ್ದ. ಇದು ಹುಟ್ಟುಗುಣವಲ್ಲ, ಕಸುಬು ಕಲಿಸಿದ್ದು. ಪರದೆಯ ಮೇಲೆ ಮದುಮಗಳ ಅಪ್ಪ ಕಣ್ಣೊರೆಸಿಕೊಂಡರೆ ನೋಡುವವರ ಕರುಳು ಚುರ್ ಎನ್ನುತ್ತದೆ. ಆ ಕಣ್ಣೀರು ಅಡುಗೆಮನೆಯ ಹೊಗೆಯದು ಎಂದು ಪತ್ತೇದಾರನಿಗೆ ಗೊತ್ತು. ಅತ್ತೆ ನಕ್ಕದ್ದು ಸೊಸೆಯನ್ನು ನೋಡಿ ಅಲ್ಲ, ಕುರ್ಚಿಯಿಂದ ಜಾರಿದ ಬೀಗರನ್ನು ನೋಡಿ. ಅತ್ತದ್ದನ್ನು ಒಂದು ಕಡೆಯಿಂದ ಕತ್ತರಿಸಿ, ನಕ್ಕದ್ದನ್ನು ಇನ್ನೊಂದು ಕಡೆ ಅಂಟಿಸಿ, ಹಿಂದೆ ಸಂಗೀತ ಹಾಕಿ ಸಂಬಳ ತಗೊಳ್ಳುವವನು ಲೋಕವನ್ನು ನಂಬುವುದಾದರೂ ಹೇಗೆ?

ಈ ಗುಣವೇ ಅವನಿಗೆ ಮೊದಲ ಸ್ವಂತ ಕೆಲಸ ಕೊಡಿಸಿತ್ತು. ಊರಿನ ದೊಡ್ಡ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಹನ್ನೆರಡು ನಿಮಿಷದ ಚಿತ್ರ ಬೇಕಿತ್ತು. ಮುಖ್ಯೋಪಾಧ್ಯಾಯಿನಿ ಮೂರು ಮೆಮೊರಿ ಕಾರ್ಡು ಮುಂದಿಟ್ಟಾಗ ಪತ್ತೇದಾರ ಪ್ರತಿಯೊಂದನ್ನೂ ಎರಡೆರಡು ಸಲ ಪರೀಕ್ಷಿಸಿ, ಕಾರ್ಡು ಕೆಟ್ಟರೆ ತಾನು ಹೊಣೆಯಲ್ಲ ಎಂದು ಆಕೆಯಿಂದಲೇ ಬರೆಸಿಕೊಂಡಿದ್ದ. ಆಕೆ ಕೋಪಿಸಿಕೊಳ್ಳಲಿಲ್ಲ. ಕನ್ನಡಕದ ಮೇಲಿಂದ ಮೆಚ್ಚುಗೆಯಲ್ಲಿ ನೋಡಿದರು.

"ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ, ಅಲ್ವಾ?"

"ಇಲ್ಲ ಮೇಡಂ."

"ಒಳ್ಳೇದು. ನಮ್ಮ ಮಕ್ಕಳ ಚಿತ್ರಗಳಿವೆ, ಕಂಡವರ ಕೈಗೆ ಹೋಗಬಾರದು. ಇದು ಸರಿಯಾಗಿ ಬಂದ್ರೆ ಪ್ರತಿವರ್ಷದ ಕೆಲಸಾನೂ ನಿಮಗೇ."

ಪ್ರತಿವರ್ಷದ ಕೆಲಸ ಅಂದರೆ ಸ್ಟುಡಿಯೋ ಯಜಮಾನನ ಮುಖಕ್ಕೆ ರಾಜೀನಾಮೆ. ಆದರೆ ಸ್ಟುಡಿಯೋದ ಯಂತ್ರದಲ್ಲಿ ಇದನ್ನು ಮಾಡುವಂತಿಲ್ಲ, ಯಜಮಾನ ಬೆನ್ನ ಹಿಂದೆಯೇ ಕೂರುತ್ತಾನೆ. ಮನೆಯ ಹಳೆ ಲ್ಯಾಪ್‌ಟಾಪೋ, ಮೂರು ಕ್ಯಾಮೆರಾದ ಚಿತ್ರ ಒಟ್ಟಿಗೆ ಇಟ್ಟರೆ ಮೆಟ್ಟಿಲು ಹತ್ತಿದ ಉಬ್ಬಸದ ರೋಗಿಯ ಹಾಗೆ ಏದುಸಿರುಬಿಟ್ಟು ಕೂತುಬಿಡುತ್ತಿತ್ತು. ಹೊಸ ಕಂಪ್ಯೂಟರ್ ಬೇಕೇಬೇಕು. ಯಾವುದು ಬೇಕು ಎಂದು ಮೂರು ತಿಂಗಳು ಯೋಚಿಸಿದ. ಸಲಹೆ ಕೊಡುವವರ ವಿಡಿಯೋಗಳನ್ನೆಲ್ಲ ನೋಡಿದ, ಒಬ್ಬರನ್ನೂ ನಂಬಲಿಲ್ಲ. ಹೀಗೆ ಕಡೆಯ ದಿನ ಬಂದಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಚಿತ್ರ ಶಾಲೆಯಲ್ಲಿರಬೇಕು.

ಅದಕ್ಕೇ ಈ ಉಪಾಯ: ಒಂದೆರಡು ಭಾಗ ಒಂದೊಂದು ಅಂಗಡಿಯಲ್ಲಿ, ಒಂದೊಂದು ಬೀದಿಯಲ್ಲಿ. ಬೇರೆ ಕಡೆ ಏನು ಕೊಂಡೆ ಎಂದು ಯಾರಿಗೂ ಬಾಯಿಬಿಡಬಾರದು. ಪೂರ್ತಿ ಗೊತ್ತಿದ್ದವನು ತಾನೇ ಪೂರ್ತಿ ಮೋಸ ಮಾಡುವುದು? ಅಂಗಡಿಗಳ ಪಟ್ಟಿ ಅಂಗಿಯ ಗುಪ್ತ ಒಳಜೇಬಿನಲ್ಲಿತ್ತು.

ಮದರ್‌ಬೋರ್ಡಿನ ಅಂಗಡಿಯವನು ಹಲ್ಲುಕಡ್ಡಿ ಕಚ್ಚಿಕೊಂಡೇ ಕೇಳಿದ. "ಪ್ರೊಸೆಸರ್ ಯಾವುದು ತಗೊಂಡಿದೀರಿ?"

ಪತ್ತೇದಾರ ಚೀಲವನ್ನು ಕಂಕುಳಿಗೆ ಅವುಚಿಕೊಂಡ. "ಅದನ್ನ ಯಾಕೆ ಕೇಳ್ತೀರಿ?"

"ಅಲ್ಲ ಸಾರ್, ಕಾಲಿನ ಅಳತೆ ಗೊತ್ತಿಲ್ದೆ ಚಪ್ಪಲಿ ಹೇಗೆ ಕೊಡೋದು?"

"ಕಾಲಿನ ವಿಷಯ ನನಗಿರಲಿ. ನೀವು ಚಪ್ಪಲಿ ತೋರಿಸಿ."

ಅವನು ಎರಡು ತೋರಿಸಿದ. "ಈ ಅಗಲದ್ದು ಕಣ್ಣುಮುಚ್ಚಿ ತಗೊಳ್ಳಿ."

ಪತ್ತೇದಾರ ಕಣ್ಣುಗಳನ್ನು ಇನ್ನಷ್ಟು ಅಗಲಿಸಿ ಇನ್ನೊಂದನ್ನು ತಗೊಂಡ.

ಮೂರನೆಯ ಅಂಗಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಇಲ್ಲಿ ಸಂಶಯ ತುತ್ತತುದಿ ಮುಟ್ಟಿತು.

"ರ್‍ಯಾಮ್ ನಿಮಗೆ ಎಂಟು ಜಿಬಿ ಸಾಕು," ಎಂದರು ಆಕೆ.

ವ್ಯಾಪಾರಕ್ಕೆ ಕೂತವರ ಬಾಯಲ್ಲಿ "ಸಾಕು" ಎಂಬ ಮಾತನ್ನು ಪತ್ತೇದಾರ ಈ ಜನ್ಮದಲ್ಲಿ ಕೇಳಿರಲಿಲ್ಲ. ಬಂಗಾರದಂಗಡಿಯವನು ಹಿತ್ತಾಳೆಯನ್ನೇ ಒಯ್ಯಿರಿ ಅಂದ ಹಾಗಿತ್ತು. ಇದರ ಹಿಂದೆ ಏನೋ ಇದೆ.

"ಮೂವತ್ತೆರಡು ಕೊಡಿ."

"ಸುಮ್ನೆ ದಂಡ, ಕೇಳಿ."

"ಮೂವತ್ತೆರಡು."

"ಆಯ್ತಪ್ಪ. ಗ್ರಾಫಿಕ್ಸ್ ಕಾರ್ಡಾದ್ರೂ ನಾನು ಹೇಳಿದ್ದು ತಗೊಳ್ಳಿ." ಆಕೆ ತೋರಿಸಿದ್ದಕ್ಕೆ ಮೂರು ಫ್ಯಾನು, ಸುತ್ತ ಕೆಂಪು ದೀಪ, ಸರ್ಕಸ್ಸಿನ ಡೇರೆ ಮಡಚಿಟ್ಟಂತಿತ್ತು. ಪಕ್ಕದಲ್ಲಿ ಇನ್ನೊಂದು, ಸರ್ಕಾರಿ ಗುಮಾಸ್ತನ ಹಾಗೆ ಬೂದು ಬಣ್ಣದ್ದು, ಯಾರ ಗಮನವನ್ನೂ ಸೆಳೆಯದೆ ಕೂತಿತ್ತು. ಪತ್ತೇದಾರ ಗುಮಾಸ್ತನನ್ನೇ ಎತ್ತಿಕೊಂಡ.

ನಾಲ್ಕನೆಯ ಅಂಗಡಿಯಲ್ಲಿ ಪವರ್ ಸಪ್ಲೈ, ಹಾರ್ಡ್ ಡಿಸ್ಕು, ಕ್ಯಾಬಿನೆಟ್ಟು. ಅಲ್ಲಿಯೂ ಅವರು ಅತ್ತ ಎಳೆದರು, ಇವನು ಇತ್ತ ಬಂದ. ಬಸ್ಸಿನಲ್ಲಿ ಡಬ್ಬಗಳನ್ನು ತೊಡೆಯ ಮೇಲೆ ಪೇರಿಸಿಕೊಂಡು, ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದವನು ನಿಜವಾಗಿ ನಿದ್ದೆ ಮಾಡುತ್ತಿದ್ದಾನೆಯೇ ಎಂದು ನೋಡುತ್ತ ಮನೆ ಸೇರಿದ.

ಮೆಟ್ಟಿಲ ಬುಡದಲ್ಲಿ ಕೆಳಮನೆಯ ಲಿಫ್ಟ್ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. "ಬಂದ್ರಾ ಅಣ್ಣಾ? ಕೊಡಿ, ಜೋಡಿಸಿಕೊಡ್ತೀನಿ."

"ನಾನು ತಂದಿದೀನಿ ಅಂತ ನಿಂಗೆ ಯಾರು ಹೇಳಿದ್ದು?"

"ಮೂಗಿನ ತನಕ ಡಬ್ಬ ಹಿಡ್ಕೊಂಡಿದೀರಲ್ಲ ಅಣ್ಣಾ."

ಮನೆಯೊಳಗೆ ಹೆಂಡತಿ ತನ್ನ ಹೊಲಿಗೆಯಂತ್ರವನ್ನು ಕಿಟಕಿಯ ಬೆಳಕಿನಿಂದ ಎತ್ತಿ ಅಡುಗೆಮನೆಯ ಬಾಗಿಲಿಗೆ ತಂದಿಟ್ಟುಕೊಂಡಿದ್ದಳು. ಅವಳು ಬೀದಿಗೆಲ್ಲ ಬಟ್ಟೆ ಹೊಲಿಯುವವಳು. ಗಂಡನ ಕಂಪ್ಯೂಟರಿಗಾಗಿ ಬೆಳಕಿನ ಜಾಗ ಬಿಟ್ಟುಕೊಟ್ಟಿದ್ದರಿಂದ, ಒಳಗೆ ಹೋಗುವವರೆಲ್ಲ ಅವಳ ಮೊಣಕೈ ದಾಟಿ ಹೋಗಬೇಕಾಗಿತ್ತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ನಾಲ್ಕು ಅಂಗಡೀದು ನಾಲ್ಕು ಸಾಮಾನು," ಎಂದರು ಅವರು ಚೀಲಗಳ ಮೇಲಿನ ಹೆಸರು ಓದಿ, ಸಂತೋಷದಿಂದ. "ಒಂದಕ್ಕೊಂದು ಕೂರಲ್ಲ. ನನ್ನ ಷಡ್ಡಕ ಹೀಗೇ ಮಾಡಿದ್ದ. ಈಗ ಆ ಡಬ್ಬದಲ್ಲಿ ಈರುಳ್ಳಿ ಇಟ್ಟಿದಾರೆ."

ಪತ್ತೇದಾರನಿಗೆ ಕಾಲು, ಚಪ್ಪಲಿಯ ಮಾತು ಈಗ ನೆನಪಾಯಿತು. ಮೆಕ್ಯಾನಿಕ್ ಮದರ್‌ಬೋರ್ಡನ್ನು ಹರಡಿ, ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಳಿಸಿದ. ಅದು ತವರಿಗೆ ಬಂದ ಹಾಗೆ ಕೂತಿತು. ರ್‍ಯಾಮ್ ಟಕ್ಕೆಂದು ಕೂತಿತು. ಗುಮಾಸ್ತ ತನ್ನ ಜಾಗದಲ್ಲಿ ಕೂತ. ಮನೆಯ ಟಿ.ವಿ.ಗೆ ಕೇಬಲ್ ಸಿಕ್ಕಿಸಿ ಗುಂಡಿ ಒತ್ತಿದರೆ ಪರದೆ ಬೆಳಗಿತು. ಪೋಸ್ಟ್‌ಮಾಸ್ಟರ್ ಮುಖ ಬಾಡಿ, ತಪ್ಪು ವಿಳಾಸದ ಟೆಲಿಗ್ರಾಂ ತಲುಪಿದವರಂತೆ ಎದ್ದು ಹೋದರು.

"ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಅಣ್ಣಾ," ಎಂದ ಮೆಕ್ಯಾನಿಕ್.

ಪತ್ತೇದಾರ ಸಂತೋಷಪಡಲಿಲ್ಲ. ಯಾರಿಗೂ ಏನೂ ಹೇಳದೆ, ಎಲ್ಲರೂ ಹೇಳಿದ್ದಕ್ಕೆ ಉಲ್ಟಾ ಕೊಂಡು ತಂದದ್ದು ಹೇಗೆ ಹೀಗೆ ಕೂರುತ್ತದೆ? ಅವನು ಮೆಕ್ಯಾನಿಕನನ್ನು ನೋಡಿದ. ಮೆಕ್ಯಾನಿಕ್ ಚಾವಣಿ ನೋಡಿದ. ಪತ್ತೇದಾರ ನಿಧಾನವಾಗಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದ.

ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. "ನಾನೇ ರೀ. ಯಾವುದು ಬೇಕು ಅಂತ ಇವನ ಹತ್ರ ಪಟ್ಟಿ ಮಾಡಿಸಿದೆ. ಅಂಗಡಿಗಳಿಗೆಲ್ಲ ಫೋನ್ ಮಾಡಿಸಿದೆ. ಎರಡೆರಡೇ ತೋರಿಸಿ, ಬೇಡದ್ದನ್ನ ಹೊಗಳಿ, ನಮ್ಮನೆಯವರು ಬೇಕಾದ್ದನ್ನೇ ತಗೋತಾರೆ ಅಂದೆ."

"ಯಾವ ಅಂಗಡಿ ಅಂತ ನಿಂಗೆ ಹೇಗೆ ಗೊತ್ತಾಯ್ತು? ಪಟ್ಟಿ ಗುಪ್ತ ಜೇಬಲ್ಲಿತ್ತು."

"ಆ ಜೇಬು ಹೊಲಿದವಳು ಯಾರು?"

ಪತ್ತೇದಾರ ಕುರ್ಚಿಯಲ್ಲಿ ಕುಸಿದ. "ಎಷ್ಟು ದಿನದಿಂದ ನಡೀತಿದೆ ಇದು?"

"ದಿನ ಏನು ಬಂತು. ಈ ಮನೆ ಬಾಡಿಗೆಗೆ ಹಿಡಿದಾಗ, ಗಾಳಿಯೇ ಇಲ್ಲ, ಬೇಡ ಅಂದವಳು ನಾನೇ. ಮರುದಿನವೇ ಮುಂಗಡ ಕೊಟ್ಟು ಬಂದ್ರಿ."

"ಅದಕ್ಕೂ ಮೊದಲು?"

ಹೆಂಡತಿ ಒಂದು ಗುಂಡುಸೂಜಿಯನ್ನು ಬಟ್ಟೆಗೆ ಚುಚ್ಚಿದಳು. "ನಮ್ಮಣ್ಣ ನಿಮ್ಮ ಹತ್ರ ಬಂದು, ನನ್ನ ತಂಗಿ ನಿಮಗೆ ಸರಿಹೋಗಲ್ಲ ಅಂದಿದ್ದು ನೆನಪಿದೆಯಾ?"

ಮೆಕ್ಯಾನಿಕ್ ಸ್ಕ್ರೂಡ್ರೈವರ್ ಜೇಬಿಗಿಳಿಸಿ ಮೆಲ್ಲನೆ ಜಾರಿಕೊಂಡ.

ಪತ್ತೇದಾರ ಕುರ್ಚಿಯನ್ನು ಪರದೆಯ ಕಡೆಗೆ ಎಳೆದುಕೊಂಡ. ಆಮೇಲೆ ಕೆಲಸಕ್ಕೆ ಕೈಹಚ್ಚಿದ. ಯಾವ ದೃಶ್ಯ ಎಲ್ಲಿ ಎಂದು ತಿಂಗಳಿಡೀ ಪುಸ್ತಕದಲ್ಲಿ ಬರೆದಿಟ್ಟಿದ್ದ, ಈಗ ಜೋಡಿಸುವುದಷ್ಟೇ. ಮೂರು ಕ್ಯಾಮೆರಾದ ಚಿತ್ರಗಳು ಒಂದರ ಮೇಲೊಂದು ಕೂತರೂ ಯಂತ್ರ ಉಸಿರೆತ್ತಲಿಲ್ಲ. ಕತ್ತರಿಸುವುದು ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸು. ಪ್ರಾರ್ಥನೆಯ ಸಾಲಿನಲ್ಲಿ ಆಕಳಿಸಿದ ಹುಡುಗಿ, ಗಂಟೆ ಹೊಡೆಯುವ ಮುದುಕನ ಕೈ, ಖಾಲಿ ಬೆಂಚಿನ ಮೇಲಿನ ಬಿಸಿಲು. ಈ ಸಲ ಅವನು ಯಾರ ನಗುವನ್ನೂ ಇನ್ನೊಂದು ಕಡೆ ಅಂಟಿಸಲಿಲ್ಲ. ಸಂಜೆ ಆರು ಗಂಟೆಗೆ ಹನ್ನೆರಡು ನಿಮಿಷದ ಚಿತ್ರ ಮುಗಿದು ಪೆನ್‌ಡ್ರೈವಿನಲ್ಲಿತ್ತು. ಒಂಬತ್ತು ವರ್ಷದಲ್ಲಿ ಇಂಥದ್ದು ಮಾಡಿರಲಿಲ್ಲ ಎಂದು ಅವನಿಗೇ ಅನ್ನಿಸಿತು.

ಹೆಂಡತಿ ಹಿಂದೆ ನಿಂತು ನೋಡಿ ಕಣ್ಣೊರೆಸಿಕೊಂಡಳು. ಅಡುಗೆಮನೆಯಲ್ಲಿ ಹೊಗೆಯಿರಲಿಲ್ಲ. "ಚೆನ್ನಾಗಿದೆ ರೀ. ನಾಳೆ ಹತ್ತು ಗಂಟೆಗೇ ತಗೊಂಡುಹೋಗಿ ಕೊಡಿ. ಇವತ್ತಿನ ಕತೆ ಏನೂ ಹೇಳಬೇಡಿ, ಕೊಟ್ಟು ಬಂದುಬಿಡಿ."

ಪತ್ತೇದಾರ ಅವಳನ್ನು ಹೊಸದಾಗಿ ನೋಡಿದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಭಾಷೆ ಅವನಿಗೆ ಅರ್ಥವಾಗಿತ್ತು. ಬೇಡದ್ದನ್ನು ಹೊಗಳುತ್ತಾಳೆ, ಬೇಕಾದ್ದನ್ನು ಬೇಡ ಅನ್ನುತ್ತಾಳೆ. ನಾಳೆ ಅಂದರೆ ಇವತ್ತು. ಏನೂ ಹೇಳಬೇಡಿ ಅಂದರೆ ಎಲ್ಲ ಹೇಳಿ. ಇನ್ನು ಮೇಲೆ ಇವಳನ್ನು ಪೂರ್ತಿ ನಂಬುತ್ತೇನೆ ಎಂದುಕೊಂಡ. ಅವಳು ದಾರ ತರಲು ಕೆಳಗೆ ಹೋದದ್ದೇ ಪೆನ್‌ಡ್ರೈವನ್ನೂ ಮೂರು ಕಾರ್ಡನ್ನೂ ಜೇಬಿಗಿಳಿಸಿ, ಚಪ್ಪಲಿ ಮೆಟ್ಟಿಕೊಂಡು ಮುಖ್ಯೋಪಾಧ್ಯಾಯಿನಿಯ ಮನೆಗೆ ಹೊರಟ.

ಮುಖ್ಯೋಪಾಧ್ಯಾಯಿನಿ ಬಾಗಿಲನ್ನು ಅರ್ಧ ಮಾತ್ರ ತೆರೆದರು. "ನಾಳೆ ಹತ್ತು ಗಂಟೆ ಅಂದಿದ್ದೆ."

"ಇವತ್ತೇ ಮುಗೀತು ಮೇಡಂ."

"ಗಂಟೆ ಹೊಡೆಯೋ ಮೊದಲೇ ಉತ್ತರಪತ್ರಿಕೆ ಕೊಡೋರು ಎರಡೇ ಥರ. ಏನೂ ಬರೆಯದೋರು, ಇಲ್ಲಾ ಪಕ್ಕದವರದ್ದು ನೋಡಿ ಬರೆದೋರು. ನೀವು ಯಾವುದು?"

ಪತ್ತೇದಾರ ಎಲ್ಲವನ್ನೂ ಹೇಳಿದ. ಯಂತ್ರ ಆರಿಸಿದ್ದು ಹೆಂಡತಿ, ಪಟ್ಟಿ ಬರೆದದ್ದು ಲಿಫ್ಟ್ ಮೆಕ್ಯಾನಿಕ್, ಜೋಡಿಸಿದ್ದೂ ಅವನೇ, ನಾಲ್ಕು ಅಂಗಡಿಯವರು ಸೇರಿಕೊಂಡಿದ್ದರು, ಎದುರುಮನೆಯವರು ಕೂತು ನೋಡಿದರು. ಹೇಳುತ್ತ ಹೋದಂತೆ ಅವನ ಎದೆ ಹಗುರಾಯಿತು, ಆಕೆಯ ಹುಬ್ಬು ಮೇಲೇರಿತು.

"ಇಷ್ಟು ಜನ," ಎಂದರು ಆಕೆ. "ಯಾರನ್ನೂ ನಂಬಲ್ಲ ಅಂದಿದ್ರಿ."

"ಮಧ್ಯಾಹ್ನದ ತನಕ ನಂಬ್ತಿರಲಿಲ್ಲ ಮೇಡಂ."

"ಈಗ?"

"ಈಗ ನಂಬ್ತೀನಿ. ಎಡಿಟಿಂಗ್ ಪೂರ್ತಿ ನಂದೇ, ಚಿತ್ರ ಯಾರ ಕೈಗೂ ಹೋಗಿಲ್ಲ. ನೀವೂ ನಂಬಿ ಮೇಡಂ." ಅವನು ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

ಆಕೆ ಅದನ್ನು ಮುಟ್ಟಲಿಲ್ಲ. "ಮೂವತ್ನಾಲ್ಕು ವರ್ಷ ಪರೀಕ್ಷೆ ಕೋಣೇಲಿ ನಿಂತಿದೀನಿ. 'ನಂಬಿ ಮೇಡಂ' ಅಂದವರ ಅಂಗಿಯ ತೋಳು ಮಡಚಿ ನೋಡಿದಾಗೆಲ್ಲ ಚೀಟಿ ಸಿಕ್ಕಿದೆ. ನನ್ನ ಮೂರು ಕಾರ್ಡು ಕೊಡಿ."

ಕೊಟ್ಟ. ಆಕೆ ಒಂದೊಂದನ್ನೂ ದೀಪಕ್ಕೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಎಣಿಸಿಕೊಂಡರು.

"ಹತ್ತೇ ಸೆಕೆಂಡು ನೋಡಿ ಮೇಡಂ. ಇಷ್ಟ ಆಗದಿದ್ರೆ ಬಿಸಾಕಿ."

"ಬೇಡ."

"ಹಾಗಾದ್ರೆ ನಾಳೆ ಹತ್ತು ಗಂಟೆಗೇ ತರಲಾ?"

"ನಾಳೇನೂ ಬೇಡ," ಎಂದರು ಮುಖ್ಯೋಪಾಧ್ಯಾಯಿನಿ.